ಕಾಡಿನ ನಡುವೆ ಚದುರಿದ ಸುರಕ್ಷಿತ ಊರುಗಳು: ನಮ್ಮ ಆಟಕ್ಕೆ ಯಾವ ಲೋಕ ಹೊಂದೀತು?

ಮಂಜಿನೂರು (ಮಡಿಕೇರಿ):

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನಗಳಲ್ಲಿ ಮಡಿಕೇರಿಯಲ್ಲಿ ಸೇರುವ ನಮ್ಮ ಚಿಕ್ಕ ಬಳಗ ಇದುವರೆಗೆ, ಪಾತ್ರಗಳನ್ನು ವಹಿಸಿ ಕಥೆ ಕಟ್ಟುವ ಮೇಜಿನಾಟವಾದ ಡಂಜನ್ಸ್ ಆಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿಯನ್ನು ಫರ್ಗಾಟನ್ ರೆಲ್ಮ್ಸ್ ಲೋಕದಲ್ಲಿ ಆಡುತ್ತ ಬಂದಿದೆ. 1987ರಿಂದ ಬೆಳೆಯುತ್ತಿರುವ ಆ ಲೋಕದಲ್ಲಿ ಪ್ರತಿ ಪಟ್ಟಣಕ್ಕೂ ಹೆಸರಿದೆ, ಇತಿಹಾಸವಿದೆ, ದಾರಿಯುದ್ದಕ್ಕೂ ತಂಗಲು ಛತ್ರಗಳಿವೆ. ನಮಗೆ ತೊಡಕಾಗಿರುವುದೂ ಅದೇ. ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದು ಎಂಟು ದಿನದ ಪ್ರಯಾಣವಾದರೂ ಆಟ ನಡೆಸುವ ನಾನು ಅದನ್ನು ಒಂದು ವಾಕ್ಯದಲ್ಲಿ ಮುಗಿಸುತ್ತೇನೆ, ಆಟಗಾರರೂ ಹೆಚ್ಚೇನನ್ನೂ ಕೇಳುವುದಿಲ್ಲ.

ಮುಂದಿನ ಕಥೆಗೆ ನನಗೆ ಬೇಕಾಗಿರುವುದು ಇದಕ್ಕೆ ವಿರುದ್ಧವಾದ ಲೋಕ. ಸುರಕ್ಷಿತ ನೆಲೆಗಳು ಕೆಲವೇ ಇರಬೇಕು, ಅವುಗಳ ನಡುವಿನ ಕಾಡು ನಿಜವಾಗಿಯೂ ಅಂಜಿಕೆ ಹುಟ್ಟಿಸಬೇಕು, ದೂರದಲ್ಲಿ ಒಂದು ದೀಪ ಕಂಡರೆ ಮೇಜಿನ ಸುತ್ತ ಕುಳಿತವರೆಲ್ಲ ನಿಟ್ಟುಸಿರು ಬಿಡುವಂತಿರಬೇಕು. ನೆಂಟಿರ್ ವೇಲ್, ಡಾರ್ಕ್ ಸನ್, ಫರ್ಬಿಡನ್ ಲ್ಯಾಂಡ್ಸ್ ಎಂಬ ಮೂರು ಹೆಸರುಗಳು ನನ್ನ ಮುಂದಿವೆ. ಎರಡು ಮಿತಿಗಳನ್ನೂ ಹೇಳಬೇಕು. ನಮ್ಮಲ್ಲಿ ಇಬ್ಬರಿಗೆ ಕಾಫಿ ತೋಟವಿರುವುದರಿಂದ ಕುಯ್ಲಿನ ತಿಂಗಳುಗಳಲ್ಲಿ ಅವರು ಬರುವುದು ಖಚಿತವಿರುವುದಿಲ್ಲ. ವಿದೇಶದಿಂದ ಪುಸ್ತಕ ತರಿಸುವುದು ದುಬಾರಿಯಾದ್ದರಿಂದ ಒಂದಕ್ಕಿಂತ ಹೆಚ್ಚು ಕೊಳ್ಳಲಾರೆವು. ಈ ಲೋಕಗಳನ್ನು ಯಾವ ಅಳತೆಗೋಲಿನಿಂದ ಹೋಲಿಸಬೇಕು ಎಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ತಡಿಯಂಡಮೋಳ್ (ಕಕ್ಕಬ್ಬೆ):

ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು, ಏಕೆಂದರೆ ನನಗೆ ಅತ್ಯಂತ ಪ್ರಿಯವಾದ ಆಟದ ಬಗೆ ಇದೇ. ಲೋಕಗಳನ್ನು ಹೋಲಿಸುವ ಮೊದಲು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ ನೋಡಿ: ಇಲ್ಲಿನ ಊರುಗಳು ಒಂದರಿಂದೊಂದು ಬೇರೆಯಾದದ್ದು ಯಾವ ಕಾರಣದಿಂದ? ಕಾಡಿನಲ್ಲಿ ಎದುರಾಗುವುದೇನು, ಊರಿನ ಹೆಬ್ಬಾಗಿಲಲ್ಲಿ ಅಪರಿಚಿತರನ್ನು ನೋಡುವ ಕಣ್ಣು ಎಂಥದ್ದು, ಕೊನೆಗೆ ನಿಮ್ಮ ಕಥೆ ಎತ್ತ ಸಾಗುತ್ತದೆ ಎಂಬುದೆಲ್ಲ ಆ ಕಾರಣವನ್ನೇ ಅವಲಂಬಿಸಿದೆ.

ನೆಂಟಿರ್ ವೇಲ್ 2008ರಲ್ಲಿ ಡಂಜನ್ಸ್ ಆಂಡ್ ಡ್ರಾಗನ್ಸ್‌ನ ನಾಲ್ಕನೇ ಆವೃತ್ತಿಯೊಂದಿಗೆ ಬಂದ ಕಣಿವೆ. ಕತ್ತಲಲ್ಲಿ ಚದುರಿದ ಬೆಳಕಿನ ಚುಕ್ಕೆಗಳಂತೆ ಊರುಗಳಿರುವ ಲೋಕ ಎಂಬ ಕಲ್ಪನೆ ಆ ಆವೃತ್ತಿಯ ತಳಹದಿಯೇ ಆಗಿತ್ತು. ಅಲ್ಲಿ ನೆರಾಥ್ ಎಂಬ ಸಾಮ್ರಾಜ್ಯ ಕುಸಿದಿದೆ, ಹೆದ್ದಾರಿಗಳನ್ನು ಕಾಯುವವರಿಲ್ಲ. ಆದ್ದರಿಂದ ಕಾಡಿನಲ್ಲಿ ಸಿಗುವುದು ಪಾಳುಬಿದ್ದ ಕೋಟೆಗಳು, ಹಳೆಯ ಆಳ್ವಿಕೆಯ ಕುರುಹುಗಳು, ಅವುಗಳಲ್ಲಿ ಬಂದು ನೆಲೆಸಿದವರು. 1991ರ ಡಾರ್ಕ್ ಸನ್‌ನಲ್ಲಿ ಕಾರಣವೇ ಬೇರೆ: ಗಿಡಮರಗಳ ಜೀವಸಾರವನ್ನು ಹೀರಿಕೊಳ್ಳುವ ಮಾಂತ್ರಿಕತೆಯಿಂದ ನೆಲವೇ ಸತ್ತಿದೆ, ಉಳಿದ ನಗರಗಳನ್ನು ಮಾಂತ್ರಿಕ ರಾಜರು ಕ್ರೂರವಾಗಿ ಆಳುತ್ತಿದ್ದಾರೆ. ಅಲ್ಲಿ ನಗರದೊಳಗೆ ಕಾಲಿಟ್ಟ ಮಾತ್ರಕ್ಕೆ ನಿಟ್ಟುಸಿರು ಬಿಡುವಂತಿಲ್ಲ. ಶ್ರೇಷ್ಠವಾದ ಲೋಕ, ಆದರೆ ನೀವು ಬಯಸಿದ ದೀಪ ಅಲ್ಲಿ ಸಿಗದು. ನಿಮ್ಮ ಪಟ್ಟಿಯಲ್ಲಿಲ್ಲದ ಅರ್ಥ್‌ಡಾನ್ 1993ರದ್ದು. ಭೀಕರ ಜೀವಿಗಳಿಗೆ ಹೆದರಿ ತಲೆಮಾರುಗಳ ಕಾಲ ನೆಲದಡಿಯ ಆಶ್ರಯಗಳಲ್ಲಿ ಅಡಗಿದ್ದ ಜನ ಮತ್ತೆ ಹೊರಬರುತ್ತಿರುವ ಕಾಲ ಅದು. ಬಾಗಿಲು ಇನ್ನೂ ತೆರೆಯದ ಆಶ್ರಯವೊಂದು ಕಂಡರೆ ಒಳಗೆ ಜನರಿದ್ದಾರೋ, ಅವರನ್ನು ಕೊಂದ ಜೀವಿಯೇ ಕುಳಿತಿದೆಯೋ ಎಂಬ ಅನುಮಾನ ಆಟಗಾರರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತದೆ.

ನನ್ನ ಮತ ಮಾತ್ರ 2018ರ ಸ್ವೀಡಿಷ್ ಆಟವಾದ ಫರ್ಬಿಡನ್ ಲ್ಯಾಂಡ್ಸ್‌ಗೆ. ರಾತ್ರಿ ಮನೆಯಿಂದ ದೂರ ಉಳಿದವರನ್ನು ಬಲಿ ತೆಗೆದುಕೊಳ್ಳುತ್ತಿದ್ದ ರಕ್ತಮಂಜೊಂದು ಅಲ್ಲಿ ಶತಮಾನಗಳ ಕಾಲ ನಾಡನ್ನು ಕವಿದಿತ್ತು, ಈಗಷ್ಟೇ ಕರಗಿದೆ. ಪಕ್ಕದ ಕಣಿವೆಯಲ್ಲಿ ಯಾರಿದ್ದಾರೆಂಬುದು ಯಾರಿಗೂ ಗೊತ್ತಿಲ್ಲ. ಹೀಗಾಗಿ ಆಟಗಾರರು ಲೋಕದ ಇತಿಹಾಸ ಓದಿಕೊಂಡು ಬರಬೇಕಾಗಿಯೇ ಇಲ್ಲ, ಅವರ ಪಾತ್ರಗಳಿಗೂ ಅದು ತಿಳಿದಿರುವುದಿಲ್ಲ. ಇದಕ್ಕಿಂತ ಮುಖ್ಯವಾಗಿ, ಆ ಆಟದ ನಿಯಮಗಳೇ ಪ್ರಯಾಣಕ್ಕೆ ಬೆಲೆ ಕಟ್ಟಿಸುತ್ತವೆ. ನಕಾಶೆಯ ಪ್ರತಿ ಷಟ್ಕೋನವೂ 10 ಕಿಲೋಮೀಟರ್ ಅಗಲದ್ದು. ದಿನವನ್ನು ನಾಲ್ಕು ಪಾಲು ಮಾಡಿದ್ದಾರೆ. ಒಂದು ಪಾಲಿನಲ್ಲಿ ಬಯಲಾದರೆ ಎರಡು ಷಟ್ಕೋನ ದಾಟಬಹುದು, ದುರ್ಗಮ ನೆಲವಾದರೆ ಒಂದೇ. ದಾರಿ ತೋರುವವರು ಯಾರು, ಕಾವಲಿರುವವರು ಯಾರು, ಬಿಡಾರ ಹೂಡುವವರು ಯಾರು ಎಂದು ಪ್ರತಿ ಹೊತ್ತಿಗೂ ಗೊತ್ತುಮಾಡಬೇಕು. ಬುತ್ತಿಯನ್ನು ಎಣಿಸುವ ಬದಲು ಅದಕ್ಕೊಂದು ದಾಳ ಇಟ್ಟಿದ್ದಾರೆ. ಎಸೆದಾಗ 1 ಅಥವಾ 2 ಬಿದ್ದರೆ ಹನ್ನೆರಡು ಮುಖದ ದಾಳ ಹತ್ತಕ್ಕೆ ಇಳಿಯುತ್ತದೆ, ಮುಂದೆ ಎಂಟಕ್ಕೆ, ಆರಕ್ಕೆ, ಕೊನೆಗೆ ಚೀಲ ಬರಿದು. ಆರು ಮುಖದ ದಾಳ ಕೈಗೆ ಬಂದಾಗ ಆಟಗಾರರ ಮುಖದಲ್ಲಿ ಕಾಣುವ ಆತಂಕವನ್ನು ಯಾವ ರಾಕ್ಷಸನ ವರ್ಣನೆಯೂ ತರಲಾರದು.

ಹಾರಂಗಿ ತೀರ (ಕುಶಾಲನಗರ):

ತಡಿಯಂಡಮೋಳ್ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಕುಯ್ಲಿನ ತಿಂಗಳುಗಳ ತೊಂದರೆಯ ಬಗ್ಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ. ಬೆನ್ ರಾಬಿನ್ಸ್ ಎಂಬವರು 2007ರಲ್ಲಿ ವೆಸ್ಟ್ ಮಾರ್ಚಸ್ ಎಂಬ ತಮ್ಮ ಆಟದ ಕ್ರಮವನ್ನು ವಿವರಿಸಿ ಬರೆದಿದ್ದರು. ಅದರಲ್ಲಿ ನಿಗದಿತ ದಿನವಿಲ್ಲ, ನಿಗದಿತ ತಂಡವಿಲ್ಲ; ಅಂದು ಬರಲಾದವರು ಸೇರಿ ಎಲ್ಲಿಗೆ ಹೋಗಬೇಕೆಂದು ತಾವೇ ತೀರ್ಮಾನಿಸುತ್ತಾರೆ. ಗಡಿಯಲ್ಲಿ ಒಂದೇ ಒಂದು ಸುರಕ್ಷಿತ ಪಟ್ಟಣವಿದ್ದು, ಅದರಿಂದ ದೂರ ಹೋದಷ್ಟೂ ಅಪಾಯ ಹೆಚ್ಚುತ್ತದೆ. ಪ್ರತಿ ಬೈಠಕ್ಕಿನ ಕೊನೆಗೆ ತಂಡ ಆ ಪಟ್ಟಣಕ್ಕೆ ಮರಳಲೇಬೇಕು. ಈ ಕೊನೆಯ ಕಟ್ಟಳೆ ನಿಮಗೆ ಬಹಳ ಒದಗಿಬರುತ್ತದೆ. ತೋಟದ ಕೆಲಸದಿಂದ ಬರಲಾಗದವರ ಪಾತ್ರಗಳು ಊರಿನಲ್ಲೇ ಉಳಿದವೆಂದರೆ ಆಯಿತು, ಕಥೆಗೆ ಧಕ್ಕೆಯಾಗುವುದಿಲ್ಲ. ಕತ್ತಲಾಗುವ ಮೊದಲು ಮರಳಬೇಕೆಂಬ ಒತ್ತಡವೂ ತಾನಾಗಿಯೇ ಹುಟ್ಟುತ್ತದೆ.

ಕಾಫಿ ಹೂವು (ಸೋಮವಾರಪೇಟೆ):

ಇಬ್ಬರೂ ತಿಳಿವಳಿಕೆಯಿಂದ ಬರೆದಿದ್ದೀರಿ. ಆದರೂ ಕೊಡಗಿನಲ್ಲಿ ಕುಳಿತು ಆಡುವವರು ಕಾಡಿನ ಲೋಕಕ್ಕಾಗಿ ಸ್ವೀಡನ್ನಿನ ನಕಾಶೆ ತರಿಸಬೇಕೇ ಎಂಬುದು ನನ್ನ ಪ್ರಶ್ನೆ. ನಿಯಮಗಳನ್ನು ಎಲ್ಲಿಂದಾದರೂ ತನ್ನಿ, ನೆಲವನ್ನು ಮಾತ್ರ ನೀವೇ ಕಟ್ಟಿ ಎಂದು ಕೇಳಿಕೊಳ್ಳುತ್ತೇನೆ.

ಇಂಥ ಲೋಕಕ್ಕೆ ಬೇಕಾದ ಸಾಮಗ್ರಿ ನಮ್ಮ ಸುತ್ತಲೇ ಇದೆ. ಓಣಿಯ ಕೊನೆಯಲ್ಲಿ, ಗದ್ದೆ ಕಾಣುವಂತೆ ನಿಂತ ಐನ್‌ಮನೆ ಒಂದು ಒಕ್ಕದ, ಅಂದರೆ ಒಂದು ಕೊಡವ ಮನೆತನದ, ನೆಲೆ. ಪಕ್ಕದಲ್ಲಿ ಹಿರಿಯರ ಗುಡಿಯಾದ ಕೈಮಡ. ನಾಡಿನ ಗಡಿಗಾಗಿಯೂ ರಕ್ಷಣೆಗಾಗಿಯೂ ಹಿಂದಿನವರು ತೋಡಿದ ಕಡಂಗಗಳೆಂಬ ಕಂದಕಗಳು ಇಂದಿಗೂ ಹಲವು ಕಡೆ ಉಳಿದಿವೆ. ಎಲ್ಲಿಯವರೆಗೆ ಊರು, ಎಲ್ಲಿಂದ ಹೊರಗು ಎಂಬುದನ್ನು ಅಷ್ಟು ಸ್ಪಷ್ಟವಾಗಿ ಹೇಳುವ ಗಡಿ ಬೇರೆ ಸಿಗುವುದು ಕಷ್ಟ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಆಟದಲ್ಲಿ ಅಂಥ ಬನವೊಂದನ್ನು ಆಯುಧ ಎತ್ತದಿದ್ದರೆ, ಕೊಂಬೆ ಕಡಿಯದಿದ್ದರೆ ಮಾತ್ರ ಆಶ್ರಯ ಕೊಡುವ ನೆಲೆಯನ್ನಾಗಿ ಮಾಡಬಹುದು. ಆಗ ಆಶ್ರಯವೆಂದರೆ ಗೋಡೆಯೇ ಆಗಬೇಕಾಗಿಲ್ಲ. ನಾಲ್ಕುನಾಡು ಅರಮನೆಯನ್ನು ನೋಡಿ. 1792ರ ಸುಮಾರಿಗೆ ದೊಡ್ಡವೀರರಾಜೇಂದ್ರ ಅದನ್ನು ತಡಿಯಂಡಮೋಳ್ ಬೆಟ್ಟದ ಬುಡದ ದಟ್ಟ ಕಾಡಿನಲ್ಲಿ ಕಟ್ಟಿಸಿದ್ದು, ತಲುಪುವುದು ಕಷ್ಟವೆಂಬ ಕಾರಣಕ್ಕೇ. 1834ರಲ್ಲಿ ಬ್ರಿಟಿಷರ ಸೇನೆ ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರನೂ ಆಶ್ರಯ ಪಡೆದದ್ದು ಅಲ್ಲಿಯೇ. ಕಾಡು ಅಪಾಯವಾಗಿರುವಂತೆಯೇ ಕೋಟೆಯೂ ಆಗಬಲ್ಲದು ಎಂಬುದನ್ನು ನಿಮ್ಮ ಆಟಗಾರರು ಒಮ್ಮೆ ಕಂಡುಕೊಂಡರೆ ಅವರ ಯೋಜನೆಗಳೇ ಬದಲಾಗುತ್ತವೆ.

ಊರುಗಳನ್ನು ಬೇರ್ಪಡಿಸಲು ರಾಕ್ಷಸರೇ ಬೇಕೆಂದಿಲ್ಲ, ಮಳೆ ಸಾಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿಯ ರಸ್ತೆ ಕಡಿದುಹೋದಾಗ, ಅದುವರೆಗೆ ಹತ್ತಿರವೆನಿಸಿದ್ದ ಊರುಗಳು ಎಷ್ಟು ದೂರವಾದವು ಎಂಬುದು ಇಲ್ಲಿನ ಎಲ್ಲರಿಗೂ ನೆನಪಿದೆ. ಆ ದುಃಖವನ್ನು ಆಟದ ವಸ್ತುವಾಗಿಸಿ ಎಂದು ಹೇಳುತ್ತಿಲ್ಲ. ಆದರೆ ವರ್ಷದ ನಾಲ್ಕು ತಿಂಗಳು ದಾರಿಗಳು ಮುಚ್ಚಿ, ಉಳಿದ ಕಾಲದಲ್ಲಿ ತೆರೆಯುವ ಲೋಕವನ್ನು ನಮ್ಮಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಮಳೆಗಾಲಕ್ಕೆ ಮೊದಲು ಯಾವ ಊರನ್ನು ಸೇರಿಕೊಳ್ಳಬೇಕು ಎಂಬ ಒಂದೇ ನಿರ್ಧಾರದ ಮೇಲೆ ಒಂದು ಅಧ್ಯಾಯವನ್ನೇ ನಿಲ್ಲಿಸಬಹುದು.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯವಾದದ್ದು. ಇಂಥ ಲೋಕಗಳಲ್ಲಿ ಊರಿನೊಳಗಿದ್ದವರು ಮನುಷ್ಯರು, ಕಾಡಿನಲ್ಲಿದ್ದವರು ಶತ್ರುಗಳು ಎಂಬ ವಿಂಗಡಣೆ ಯಾರೂ ಯೋಚಿಸದೆಯೇ ನುಸುಳಿಬಿಡುತ್ತದೆ. ನಮ್ಮ ಕಾಡುಗಳು ಎಂದೂ ನಿರ್ಜನವಾಗಿರಲಿಲ್ಲ. ಜೇನುಕುರುಬರು, ಯರವರು ತಲೆಮಾರುಗಳಿಂದ ಬಾಳಿದ ನೆಲ ಅದು. ಪಟ್ಟಣದವರಿಗೆ ಭಯಂಕರವೆನಿಸುವ ಜಾಗ ಮತ್ತೊಬ್ಬರಿಗೆ ಮನೆಯಾಗಿರುತ್ತದೆ ಎಂಬುದು ನಿಮ್ಮ ಲೋಕದಲ್ಲಿ ಮೊದಲಿನಿಂದಲೂ ಇರಲಿ. ಹಾಗೆಂದು ಇಲ್ಲಿನ ಯಾವುದೇ ಸಮುದಾಯವನ್ನು ಹೆಸರಿಟ್ಟು ಆಟದೊಳಗೆ ತರುವುದೂ ಬೇಡ, ಹೊಸ ಜನರನ್ನೇ ಕಲ್ಪಿಸಿಕೊಳ್ಳಿ. 2014ರ ಸಿಂಬರೂಮ್ ಈ ದೃಷ್ಟಿಯಿಂದ ಓದಬೇಕಾದ ಲೋಕ: ದಾವೊಕಾರ್ ಎಂಬ ಮಹಾರಣ್ಯವನ್ನು ದೋಚಲು ಬರುವ ಮನುಷ್ಯರನ್ನು ಅಲ್ಲಿನ ಎಲ್ಫ್‌ಗಳು ತಡೆಯುತ್ತಾರೆ, ಮತ್ತು ತಡೆಯಲು ಅವರಿಗೆ ಬಲವಾದ ಕಾರಣವೂ ಇದೆ.

ತಡಿಯಂಡಮೋಳ್ (ಕಕ್ಕಬ್ಬೆ):

ಅಕ್ಕ, ಕಾಡಿನಲ್ಲಿ ಬಾಳುವವರ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನೆಲವನ್ನು ನಾವೇ ಕಟ್ಟಬೇಕೆಂಬುದರಲ್ಲಿ ಮಾತ್ರ ಒಂದು ಎಚ್ಚರಿಕೆ ಹೇಳಬೇಕೆನಿಸುತ್ತದೆ. ಪರಿಚಿತ ನೆಲವನ್ನು ಹತ್ತಿರದಿಂದ ಅನುಸರಿಸಿದರೆ ಆಟಗಾರರಿಗೆ ಪ್ರತಿ ತಿರುವೂ ಮೊದಲೇ ಗೊತ್ತಿರುತ್ತದೆ, ಅಪರಿಚಿತ ದಾರಿಯ ಅಂಜಿಕೆ ಉಳಿಯುವುದಿಲ್ಲ. ಆದ್ದರಿಂದ ಮಳೆ, ಕಡಂಗ, ಬನಗಳನ್ನು ಇಟ್ಟುಕೊಂಡು ಬೆಟ್ಟ ಹೊಳೆಗಳ ಜೋಡಣೆಯನ್ನು ಬೇರೆ ಮಾಡುವುದು ಒಳ್ಳೆಯದು.

ಮಂಜಿನೂರು (ಮಡಿಕೇರಿ):

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಬಳಗದವರೊಂದಿಗೆ ಚರ್ಚಿಸಿದೆ. ಲೋಕವನ್ನು ನಾವೇ ಕಟ್ಟಿಕೊಳ್ಳುವುದು, ಒಂದು ಸಂತೆಯೂರು ಮತ್ತು ಅದರ ಸುತ್ತ ನಾಲ್ಕು ನೆಲೆಗಳಷ್ಟರಿಂದ ಶುರುಮಾಡುವುದು, ಪ್ರತಿ ಭಾನುವಾರದ ಕೊನೆಗೆ ಸಂತೆಯೂರಿಗೆ ಮರಳುವುದು ಎಂದು ತೀರ್ಮಾನವಾಗಿದೆ. ಆದರೆ ಆಟಗಾರರು ಕಲಿತ ನಿಯಮಗಳನ್ನು ಬಿಡಲು ಸಿದ್ಧರಿಲ್ಲ, ಐದನೇ ಆವೃತ್ತಿಯಲ್ಲೇ ಮುಂದುವರಿಯಬೇಕೆನ್ನುತ್ತಾರೆ. ಅದರಲ್ಲಿ ಪ್ರಯಾಣ ಕಷ್ಟವೆನಿಸುವಂತೆ ಮಾಡಲು ಏನನ್ನು ಬದಲಿಸಬೇಕು?

ಹಾರಂಗಿ ತೀರ (ಕುಶಾಲನಗರ):

ಮೊದಲು ಬದಲಿಸಬೇಕಾದದ್ದು ವಿಶ್ರಾಂತಿಯ ನಿಯಮ. ಎಂಟು ಗಂಟೆ ಮಲಗಿ ಎದ್ದರೆ ಪ್ರಾಣಬಲವೂ ಮಂತ್ರಗಳೂ ಪೂರ್ತಿಯಾಗಿ ಮರಳುವುದಾದರೆ ನಟ್ಟಡವಿಯೂ ಊರಿನಷ್ಟೇ ಸುರಕ್ಷಿತವಾಗಿಬಿಡುತ್ತದೆ. ಆಟ ನಡೆಸುವವರ ಕೈಪಿಡಿಯಾದ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿಯೇ ಇದಕ್ಕೊಂದು ಬದಲಿ ನಿಯಮವಿದೆ: ಕಿರು ವಿಶ್ರಾಂತಿಗೆ ಎಂಟು ಗಂಟೆ, ದೀರ್ಘ ವಿಶ್ರಾಂತಿಗೆ ಏಳು ದಿನ. ಅದರ ಜೊತೆಗೆ ದೀರ್ಘ ವಿಶ್ರಾಂತಿ ಸುರಕ್ಷಿತ ನೆಲೆಗಳಲ್ಲಿ ಮಾತ್ರ ಸಾಧ್ಯ ಎಂಬ ಕಟ್ಟಳೆಯನ್ನು ನೀವು ಸೇರಿಸಿಕೊಂಡರೆ, ಪ್ರತಿ ನೆಲೆಗೂ ಆಟದಲ್ಲಿ ನಿಜವಾದ ಬೆಲೆ ಬರುತ್ತದೆ. ಆಮೇಲೆ ಗುಡ್‌ಬೆರಿ ಮಂತ್ರ. ಮೊದಲ ಮಟ್ಟದ ಆ ಒಂದು ಮಂತ್ರದಿಂದ ಹತ್ತು ಹಣ್ಣು ಹುಟ್ಟುತ್ತವೆ, ಒಂದೊಂದೂ ಒಬ್ಬರಿಗೆ ದಿನದ ಊಟವಾಗುತ್ತದೆ. ಅದಿದ್ದರೆ ಬುತ್ತಿಯ ಚಿಂತೆಯೇ ಉಳಿಯದು. ಅದನ್ನು ತೆಗೆಯುವುದಾದರೆ ಪಾತ್ರಗಳನ್ನು ರಚಿಸುವ ಮೊದಲೇ ಎಲ್ಲರ ಒಪ್ಪಿಗೆ ಪಡೆಯಿರಿ. ಖರ್ಚಿನ ಬಗ್ಗೆ ಕೇಳಿದ್ದಿರಿ. ಐದನೇ ಆವೃತ್ತಿಯ ಮೂಲ ನಿಯಮಗಳ ಕಡತ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತಿದೆ. ಕೊಳ್ಳುವ ಒಂದೇ ಪುಸ್ತಕ ಫರ್ಬಿಡನ್ ಲ್ಯಾಂಡ್ಸ್ ಆಗಿರಲಿ, ಪ್ರಯಾಣದ ನಿಯಮಗಳನ್ನು ಅದರಿಂದ ಎರವಲು ಪಡೆಯಬಹುದು.