ಪದಚರ್ಚೆ: ಕುದುರೆ ಮೆಂತೆ, ಹುಳಿ ಮಣ್ಣು, ಬೆರಕೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಈಶಾನ್ಯ ಭಾಗದಲ್ಲಿ ಹೈನುಗಾರಿಕೆಯ ರೈತರು ಅಲ್ಫಾಲ್ಫಾ ಎಂಬ ಮೇವಿನ ಬೆಳೆಯನ್ನು ಟಿಮೋತಿ, ಆರ್ಚರ್ಡ್ ಹುಲ್ಲುಗಳ ಜೊತೆ ಬಿತ್ತುತ್ತಾರೆ. ಆ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ಎರಡು ಕಡೆ ತೊಡಕಾಗಿದೆ.

ಬೆಳೆಯ ಹೆಸರಿಗೆ ತೊಂದರೆಯಿಲ್ಲ. ಬೀಜದಂಗಡಿಯಲ್ಲಿ ಲೂಸರ್ನ್ ಅಂತಾರೆ, ಕೃಷಿ ಕೈಪಿಡಿಗಳಲ್ಲಿ ಕುದುರೆ ಮೆಂತೆ. ನನ್ನ ಮತ ಕುದುರೆ ಮೆಂತೆಗೇ. ಅಲ್ಫಾಲ್ಫಾ ಸ್ಪ್ಯಾನಿಷಿಗೆ ಬಂದದ್ದು ಅರಬ್ಬಿಯಿಂದ, ಅರಬ್ಬಿಗೆ ಹಳೆಯ ಪರ್ಷಿಯನ್ನಿನಿಂದ; ಅಲ್ಲಿ ಅದು ಕುದುರೆಯ ಮೇವು. ಎಲೆಯೂ ಮೆಂತ್ಯದ ಹಾಗೆ ಮೂರು ಮೂರು. (ಮರಾಠಿಯಲ್ಲಿ ಲಸೂಣ್ ಘಾಸ್ ಅಂತಾರೆ. ಲೂಸರ್ನೇ ಬೆಳ್ಳುಳ್ಳಿಯಾಗಿರಬೇಕು!)

ಮೊದಲ ತೊಡಕು ‘ಆಸಿಡ್ ಸಾಯಿಲ್’. ಪಠ್ಯಪುಸ್ತಕದ ‘ಆಮ್ಲೀಯ ಮಣ್ಣು’ ಬೇಡವೆಂದು ‘ಹುಳಿ ಮಣ್ಣು’ ಅಂತ ಬರೆದೆ. ಕರಡು ಓದಿದ ಗೆಳೆಯ, “ನೆಕ್ಕಿ ನೋಡಿದ್ಯಾ?” ಅಂದ. ಚೌಳು, ಸವಳು, ಕರಲು ಎಂದು ಇದರ ಎದುರು ಬಗೆಯ ಮಣ್ಣಿಗೆ ಹೆಸರುಗಳು ಎಷ್ಟು ಬೇಕೋ ಅಷ್ಟಿವೆ, ಏಕೆಂದರೆ ನೆಲದ ಮೇಲೆ ಬೆಳ್ಳಗೆ ಉಪ್ಪು ಎದ್ದು ಕಾಣುತ್ತದೆ. ಹುಳಿ ಹಾಗೆ ಕಾಣದು, ಬೆಳೆ ಸೊರಗಿದಾಗಲೇ ತಿಳಿಯುವುದು. ರಸಸಾರ (ಪಿಎಚ್; ಇಳಿದಷ್ಟೂ ಹುಳಿ ಹೆಚ್ಚು) 6ಕ್ಕಿಂತ ಕೆಳಗಿಳಿದರೆ ಕುದುರೆ ಮೆಂತೆಯ ಬೇರಿನಲ್ಲಿ ಗಾಳಿಯ ಸಾರಜನಕ ಹಿಡಿಯುವ ಗಂಟು ಸರಿಯಾಗಿ ಕಟ್ಟುವುದಿಲ್ಲ, ಸಾರಜನಕ ಸಾಲದೆ ಎಲೆ ಹಳದಿಗೆ ತಿರುಗುತ್ತದೆ. ಹುಲ್ಲು ತಡೆದುಕೊಳ್ಳುತ್ತದೆ, ಬರಬರುತ್ತ ಹೊಲದಲ್ಲಿ ಹುಲ್ಲೊಂದೇ. ಅದಕ್ಕೇ ಅಲ್ಲಿ ಬಿತ್ತನೆಗೆ ತಿಂಗಳುಗಟ್ಟಲೆ ಮುಂಚೆ ಸುಣ್ಣ ಹಾಕಿ ರಸಸಾರವನ್ನು 6.5–7ಕ್ಕೆ ತರುತ್ತಾರೆ. ಮಲೆನಾಡಿನವರೇ, ಅಡಿಕೆ ತೋಟಕ್ಕೆ ಸುಣ್ಣ ಹಾಕುತ್ತೀರಲ್ಲ, ಆಗ ಮಣ್ಣಿಗೆ ಏನಾಗಿದೆ ಅನ್ನುತ್ತೀರಿ?

ಎರಡನೆಯದು ಇನ್ನೂ ಜಟಿಲ. ಆ ರೈತರು ಕುದುರೆ ಮೆಂತೆ, ಹುಲ್ಲು ಎರಡರ ಬೀಜವನ್ನೂ ಒಟ್ಟಿಗೆ ಬಿತ್ತಿ ಒಟ್ಟಿಗೇ ಕೊಯ್ಯುತ್ತಾರೆ. ಬರೀ ಕುದುರೆ ಮೆಂತೆ ಮೇಯ್ದ ದನಕ್ಕೆ ಹೊಟ್ಟೆಯುಬ್ಬರ ಬರಬಹುದು, ಜೊತೆಗೆ ಹುಲ್ಲಿದ್ದರೆ ಆ ಭಯ ಕಡಿಮೆ. ಇದನ್ನು ಏನೆನ್ನಲಿ? ‘ಅಕ್ಕಡಿ’ ಚೆಂದದ ಮಾತು, ಆದರೆ ಹೊಂದದು: ರಾಗಿ ಹೊಲದ ಅಕ್ಕಡಿಯಲ್ಲಿ ಅವರೆ, ತೊಗರಿಗೆ ಬೇರೆ ಸಾಲು, ಕೊಯ್ಲೂ ಬೇರೆ. ‘ಮಿಶ್ರ ಬೆಳೆ’ ಇಲಾಖೆಯ ಕರಪತ್ರದ ಭಾಷೆ. ‘ಬೆರಕೆ ಮೇವು’ ಎಂದು ಬರೆಯೋಣವೆಂದರೆ ‘ಬೆರಕೆ ಹಾಲು’ ನೆನಪಾಗಿ, ಹಾಲು ಮಾರುವವರಿಗೆ ಆ ಪದ ಕೊಡಲು ಕೈ ಬರುತ್ತಿಲ್ಲ.

ಮೇವಿಗೆಂದೇ ಮುಸುಕಿನ ಜೋಳದ ಜೊತೆ ಅಲಸಂದೆ ಬೆರೆಸಿ ಬಿತ್ತುವವರು ನಿಮ್ಮ ಕಡೆ ಇದ್ದರೆ, ಅದಕ್ಕೆ ಮನೆಯಲ್ಲಿ ಏನಂತಾರೆ? ಊರಿನ ಹೆಸರೂ ಬರೆಯಿರಿ.