ಸಹಾಯ ಬೇಕು: ಕಲಬುರಗಿಯಲ್ಲಿ ರಾತ್ರಿ ಹೊತ್ತು ಮಕ್ಕಳ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ಒಳಗೆ ನೋಡುವುದು) ಎಲ್ಲಿ ಮಾಡುತ್ತಾರೆ?

ಎಲ್ಲರಿಗೂ ಶರಣು. ಪುಟ್ಟ ಮಕ್ಕಳು ಬಟನ್ ಸೆಲ್ (ಗುಂಡಿಯಂಥ ಚಪ್ಪಟೆ ಬ್ಯಾಟರಿ) ನುಂಗಿದರೆ ಎಲ್ಲಿಗೆ ಓಡಬೇಕು ಅಂತ ನಮ್ಮ ಓಣಿಯವರಿಗಾಗಿ ಬರೆದಿಡುತ್ತಿದ್ದೇನೆ.

ಶರಣಬಸವೇಶ್ವರ ಜಾತ್ರೆಯಿಂದ ತಂದ ಲೈಟಿನ ಆಟಿಕೆ ಒಮ್ಮೆ ತಿರುಗಿಸಿ ನೋಡಿ. ನಮ್ಮ ಮನೆಯದಕ್ಕೆ ಸ್ಕ್ರೂನೇ ಇಲ್ಲ, ಉಗುರು ಹಾಕಿದರೆ ಮುಚ್ಚಳ ಬಿಚ್ಚುತ್ತೆ! ರಿಮೋಟಿನ ಸಿಆರ್2032 ಎಂಬ ಬಟನ್ ಸೆಲ್ಲಿನ ಭಯ ಇನ್ನೂ ಜಾಸ್ತಿ. 20 ಮಿಲಿಮೀಟರ್ ಅಗಲ, ಅನ್ನನಾಳದಲ್ಲೇ ಸಿಕ್ಕಿಕೊಳ್ಳಬಹುದು. 2 ಗಂಟೆಯಲ್ಲೇ ಒಳಗೆ ಸುಟ್ಟ ಗಾಯ ಆಗುತ್ತೆ. ಚಾರ್ಜ್ ಮುಗಿದ ಸೆಲ್ ಕೂಡ ಸುಡುತ್ತೆ. ವಾಂತಿ ಮಾಡಿಸಬಾರದು, ಕೂಡಲೇ ಎಕ್ಸ್‌ರೇ ಆಗಬೇಕು.

ರಾತ್ರಿಯೂ ಎಕ್ಸ್‌ರೇ ಮಾಡಿ, ಸೆಲ್ ಹೊರಗೆ ತೆಗೆಯುವ ಆಸ್ಪತ್ರೆ ನಮ್ಮೂರಲ್ಲಿ ಯಾವುದು? ಸೇಡಂ, ಚಿತ್ತಾಪುರದ ಕಡೆಯವರು ಎಲ್ಲಿಗೆ ಹೋಗುತ್ತೀರಿ? ಅಲ್ಲಿಂದ ಬರೋಕೇ ಒಂದು ಗಂಟೆ ಹೋಗುತ್ತೆ, ಅಲ್ವಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ. ಹಳೇ ಸೆಲ್ ಎಲ್ಲಿ ತಗೋತಾರೆ ಅಂತಲೂ ಹೇಳಿ.