ಸೈನ್ಯದಿಂದ ಊರಿಗೆ: ಮೊದಲ ವರ್ಷ ನೀವು ಏನು ಮಾಡಿದಿರಿ?

ಸೇವೆಯಲ್ಲಿರುವ ನಾಯಕ್, ಗದಗ ಜಿಲ್ಲೆ:

18 ವರ್ಷ ಸೇವೆ ಮುಗಿಸಿ ಇನ್ನು ನಾಲ್ಕು ತಿಂಗಳಿಗೆ ಊರಿಗೆ ಬರುತ್ತಿದ್ದೇನೆ. ವಯಸ್ಸು 38. ಆರು ಎಕರೆ ಎರೆಹೊಲವಿದೆ, ಇದುವರೆಗೆ ಅಣ್ಣನೇ ಕಮತ ನೋಡಿಕೊಂಡಿದ್ದಾನೆ. ಬರುವ ಇಡಿಗಂಟಿನಲ್ಲಿ ಬೋರ್‌ವೆಲ್ ಹಾಕಿಸಿ ಟ್ರ್ಯಾಕ್ಟರ್ ತೆಗೆದುಕೊಳ್ಳೋಣ ಎಂಬುದು ಅವನ ಆಸೆ. ಮಕ್ಕಳ ಓದಿಗಾಗಿ ಗದಗದಲ್ಲಿ ಮನೆ ಮಾಡೋಣ ಎಂದು ಹೆಂಡತಿ ಹೇಳುತ್ತಾಳೆ. ಗೆಳೆಯರು ಬ್ಯಾಂಕ್ ಕೆಲಸಕ್ಕೆ ಅರ್ಜಿ ಹಾಕು ಎನ್ನುತ್ತಾರೆ. ನನಗಿಂತ ಮೊದಲು ಬಂದವರು ಏನು ಮಾಡಿದಿರಿ, ಎಲ್ಲಿ ಎಡವಿದಿರಿ, ದಯವಿಟ್ಟು ತಿಳಿಸಿ.

ನಿವೃತ್ತ ಹವಾಲ್ದಾರ್, ಕುಂದಗೋಳ ತಾಲ್ಲೂಕು:

ತಮ್ಮಾ, ನಾನು 2011ರಲ್ಲಿ ಬಂದೆ. ಮೂರನೆಯ ತಿಂಗಳಿಗೆ ಬೋರ್ ಲಾರಿ ನಮ್ಮ ಹೊಲದಲ್ಲಿ ನಿಂತಿತ್ತು. ಮೊದಲ ಬೋರು 400 ಅಡಿ ಇಳಿದರೂ ಬರೀ ಬಿಳಿ ಹುಡಿ. ಎರಡನೆಯದೂ ಅದೇ ಕತೆ. ಮೂರನೆಯದರಲ್ಲಿ ನೀರು ಚಿಮ್ಮಿತು, ಊರವರು ಕಾಯಿ ಒಡೆದರು. ನಾನು ಬೊಗಸೆಯಲ್ಲಿ ಹಿಡಿದು ಬಾಯಿಗಿಟ್ಟೆ. ಸವಳು. ಬಕೆಟ್ಟಿನಲ್ಲಿ ಇಟ್ಟರೆ ಎತ್ತು ಮೂಸಿ ಮುಖ ತಿರುಗಿಸಿತು. ಪಕ್ಕದ ಹೊಲದವರ ಬೋರಿನ ನೀರಿಗೆ ಮೆಣಸಿನ ಗಿಡ ಸುಟ್ಟುಹೋಗಿದೆ ಎಂದು ಹೆಂಡತಿ ಮೊದಲೇ ಹೇಳಿದ್ದಳು. ನಾನು ಕೇಳಲಿಲ್ಲ. ಅಷ್ಟು ವರ್ಷ ಆ ಹೊಲದಲ್ಲಿ ಕಳೆ ತೆಗೆದವಳು ಅವಳು. ನಾನು ವರ್ಷಕ್ಕೆ 60 ದಿನದ ರಜೆಯಲ್ಲಿ ಬಂದು, ಬದುವಿನ ಮೇಲೆ ನಿಂತು ನೋಡಿ ಹೋದವನು.

2015ರಲ್ಲಿ ಕೃಷಿ ಭಾಗ್ಯ ಯೋಜನೆಯಲ್ಲಿ ಕೃಷಿ ಹೊಂಡ ತೋಡಿಸಿದೆವು. ಜಾಗ ತೋರಿಸಿದ್ದು ಅವಳೇ, ದೊಡ್ಡ ಮಳೆಯಲ್ಲಿ ಹರಿನೀರು ಬಂದು ಕೂಡುವ ತಗ್ಗು. ಎರೆಮಣ್ಣಿನಲ್ಲಿ ನೀರು ಬೇಗ ಇಂಗದ ಕಾರಣ ಪ್ಲಾಸ್ಟಿಕ್ ಹಾಳೆ ಹಾಸುವ ಖರ್ಚೂ ಉಳಿಯಿತು. ಹಿಂಗಾರಿ ಮಳೆ ಕೈಕೊಟ್ಟ ಒಂದು ವರ್ಷ ಕಡಲೆ ಹೂವಾಡುವ ಹೊತ್ತಿಗೆ ಒಂದೇ ಒಂದು ನೀರು ಹಾಯಿಸಿ ಬೆಳೆ ಉಳಿಸಿಕೊಂಡೆವು.

ಹಾಗಾಗಿ ನನ್ನ ಮಾತು ಇಷ್ಟೇ: ಒಂದು ಮುಂಗಾರಿ, ಒಂದು ಹಿಂಗಾರಿ ಕಳೆಯುವ ತನಕ ಆ ಗಂಟು ಬಿಚ್ಚಬೇಡ. ಹೆಸರುಕಾಯಿ ಬಿಡಿಸಿದ ಮೇಲೆ ಹೊಲ ಹರಗುವುದು, ಬಿಳಿಜೋಳಕ್ಕೆ ಕೂರಿಗೆ ಹಿಡಿಯುವುದು, ಕಡಲೆಯ ಕುಡಿ ಚಿವುಟುವುದು, ಎಲ್ಲವನ್ನೂ ಕೈಯಾರೆ ಮಾಡು. ಟ್ರೇನಿಂಗ್ ಸೆಂಟರಿಗೆ ರಂಗರೂಟ್ ಆಗಿ, ಅಂದರೆ ಏನೂ ಗೊತ್ತಿಲ್ಲದ ಹೊಸ ಸಿಪಾಯಿಯಾಗಿ, ಸೇರಿದ ದಿನ ನೆನಪಿದೆಯಲ್ಲವೇ? ಹೊಲದಲ್ಲಿ ನೀನು ಮತ್ತೆ ರಂಗರೂಟ್. ನಿನಗೆ ಕಲಿಸುವ ಉಸ್ತಾದ್ ಮನೆಯಲ್ಲೇ ಇದ್ದಾಳೆ, ನಿನ್ನ ಹೆಂಡತಿ, ಅವಳನ್ನು ಕೇಳು.

ಕಮ್ಯುಟೇಶನ್ ಎಂದು ಒಮ್ಮೆಲೇ ಕೈಗೆ ಬರುವ ಹಣ ನಿನ್ನದೇ ಪಿಂಚಣಿಯ ಮುಂಗಡ. ಅದಕ್ಕೆ ಪ್ರತಿ ತಿಂಗಳೂ ಕಡಿತವಿರುತ್ತದೆ, ಆ ಭಾಗ ಮತ್ತೆ ಪಿಂಚಣಿಗೆ ಸೇರುವುದು 15 ವರ್ಷದ ನಂತರ. ತುಟ್ಟಿಭತ್ಯೆ ಮಾತ್ರ ಪೂರ್ತಿ ಪಿಂಚಣಿಯ ಮೇಲೆ ಸಿಗುತ್ತದೆ. 38ಕ್ಕೆ ಬರುವ ನಿನಗೆ ಆ ಕಡಿತ 53ರವರೆಗೆ. ಮಕ್ಕಳ ಕಾಲೇಜು, ಮದುವೆ ಎಲ್ಲ ಅದರೊಳಗೇ ಬರುತ್ತವೆ. ಇನ್ನು ಬೋರಿನ ಮಾತಿಗೆ ಮೊದಲು ಪಹಣಿ ತೆಗೆಸಿ ಹೊಲ ಯಾರ ಹೆಸರಿನಲ್ಲಿದೆ ನೋಡು. ಅಣ್ಣನ ಮೇಲೆ ಸಂಶಯ ಪಡಬೇಕಾಗಿಲ್ಲ. ಆದರೆ ಪಾಲಾಗದ ಹೊಲಕ್ಕೆ ಒಬ್ಬನ ಹಣ ಸುರಿದ ಮೇಲೆ ಕೆಡುವುದು ಅಣ್ಣ ತಮ್ಮಂದಿರ ಸಂಬಂಧವೇ. ನಮ್ಮ ಓಣಿಯಲ್ಲೇ ಎರಡು ಮನೆ ಹಾಗೆ ಮಾತು ಬಿಟ್ಟಿವೆ.

ಮಿಲಿಟರಿ ಕ್ಯಾಂಟೀನಿನಲ್ಲಿ ನಮಗೆ ಅಗ್ಗಕ್ಕೆ ಸಿಗುವ ಮದ್ಯದ ಬಾಟಲಿಗಾಗಿ ಊರಲ್ಲಿ ಹೊಸ ಹೊಸ ಮಾವಂದಿರು ಹುಟ್ಟಿಕೊಳ್ಳುತ್ತಾರೆ. ಮೊದಲ ದಿನವೇ ಇಲ್ಲವೆನ್ನು. ಮಾರಿದ್ದು ಗೊತ್ತಾದರೆ ಕ್ಯಾಂಟೀನ್ ಕಾರ್ಡ್ ರದ್ದಾಗುತ್ತದೆ, ಕೊಡುತ್ತಾ ಹೋದರೆ ನೀನೂ ಅವರ ಜೊತೆ ಕುಡಿಯಲು ಕೂರುತ್ತೀಯ. ನಾನು ಎರಡು ವರ್ಷ ಕುಳಿತಿದ್ದೆ.

ಇನ್ನೊಂದು ಮಾತು ಹೇಳಬೇಕು. 2016ರ ಫೆಬ್ರವರಿಯಲ್ಲಿ ನಮ್ಮ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದ ಅಡಿಯಿಂದ ಆರು ದಿನದ ಮೇಲೆ ಜೀವಂತವಾಗಿ ಹೊರಬಂದರು. 11ನೆಯ ತಾರೀಕು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಊರೆಲ್ಲ ನನ್ನ ಸುತ್ತ ಸೇರಿ ಅಲ್ಲಿನ ಚಳಿ ಹೇಗಿರುತ್ತದೆ ಎಂದು ಕೇಳಿತು. ನನಗೆ ಬಾಯಿ ಬರಲಿಲ್ಲ. ಆ ರಾತ್ರಿ ಪಕ್ಕದ ಊರಿನ ಹಿರಿಯ ಮಾಜಿ ಸೈನಿಕರೊಬ್ಬರು ಸೈಕಲ್ ತುಳಿದುಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ಇಬ್ಬರೂ ಮಾತಾಡಲಿಲ್ಲ. ಕೋಳಿ ಕೂಗಿದ ಮೇಲೆ ಚಹಾ ಕುಡಿದು ಎದ್ದು ಹೋದರು. ಅಂಥವರೊಬ್ಬರನ್ನು ನಿಮ್ಮ ಸುತ್ತಲಿನ ಊರುಗಳಲ್ಲಿ ಹುಡುಕಿ ಇಟ್ಟುಕೋ.

ಮಾಜಿ ಸೈನಿಕರ ಪತ್ನಿ, ವಿಜಯಪುರ ಜಿಲ್ಲೆ:

ಅಣ್ಣಾ, ನಮ್ಮವರು ಬಂದ ಹೊಸದರಲ್ಲಿ ಬೆಳಗ್ಗೆ ಐದಕ್ಕೆ ಮಕ್ಕಳನ್ನು ಎಬ್ಬಿಸಿ ಕೌದಿಯ ಅಂಚಿಗೆ ಅಂಚು ಕೂಡಿಸಿ ಮಡಚಲು ಹಚ್ಚುತ್ತಿದ್ದರು. ಒಂಬತ್ತನೆಯ ತರಗತಿಯ ಮಗ ಮಾತು ಬಿಟ್ಟ, ಏನು ಬೇಕಾದರೂ ನನ್ನ ಮೂಲಕವೇ ಕೇಳುತ್ತಿದ್ದ. ಹದಿನಾರು ವರ್ಷ ಶಾಲೆ, ಸೊಸೈಟಿಯ ಸಾಲ, ಅತ್ತೆಯ ಕಾಯಿಲೆ ಎಲ್ಲ ನಾನೇ ನೋಡಿದ್ದೆ. ಅತ್ತೆ ತೀರಿಕೊಂಡಾಗ ಇವರು ಬಂದು ಮುಟ್ಟಿದ್ದು ಮೂರನೆಯ ದಿನ. ಇವರು ಬಂದ ವಾರಕ್ಕೇ ಕಪಾಟಿನ ಕೀಲಿಕೈ ಕೇಳಿದರು. ತಪ್ಪೇನೂ ಇರಲಿಲ್ಲ, ಮನೆ ಅವರದೇ. ಆದರೂ ಕೊಡುವಾಗ ನನಗೆ ಅಳು ಬಂತು. ಅದನ್ನು ನೋಡಿ ಅವರು ಕೀಲಿಕೈ ಮರಳಿ ನನ್ನ ಸೆರಗಿಗೇ ಕಟ್ಟಿದರು. ಅಂದಿನಿಂದ ನಮ್ಮ ಮನೆಯ ಗಾಳಿ ಬದಲಾಯಿತು.

ಮಗನ ಜೊತೆ ಸರಿಹೋದದ್ದು ಎಳ್ಳಮಾವಾಸ್ಯೆಗೆ. ಹೊಲದ ಸುತ್ತ ನೈವೇದ್ಯದ ಅಡುಗೆ ಎರಚುವ ಚರಗ ಚೆಲ್ಲಲು ಹೋದಾಗ ಹೊಲದ ಸುತ್ತು ಎತ್ತ ಕಡೆಯಿಂದ ಶುರು ಎಂದು ಇವರಿಗೆ ನೆನಪಿರಲಿಲ್ಲ, ಮಗ ಮುಂದೆ ನಡೆದು ತೋರಿಸಿದ. ನಿಮ್ಮ ಹೆಂಡತಿ ಗದಗದಲ್ಲಿ ಮನೆ ಬೇಕು ಎನ್ನುತ್ತಿದ್ದರೆ ಅದರ ಹಿಂದೆ ಅವರು ನೋಡಿದ ಏನೋ ಒಂದು ಇರುತ್ತದೆ. ಯಾಕೆ ಎಂದು ಕುಳಿತು ಕೇಳಿ.

ನಿವೃತ್ತ ನಾಯಕ್, ಕೊಡಗು:

ನಾನು ಬ್ಯಾಂಕ್ ಕೆಲಸದಲ್ಲಿದ್ದೇನೆ, ರಜೆಯಲ್ಲಿ ಮನೆಯ ಕಾಫಿ ತೋಟ. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ. 14.5 ಮೀಸಲಾತಿಯಿದೆ. ಓದುವ ಮನಸ್ಸಿದ್ದರೆ ಗಾರ್ಡ್ ಕೆಲಸಕ್ಕಷ್ಟೇ ನಿಲ್ಲಬೇಡಿ, ಪರೀಕ್ಷೆಗೆ ಕುಳಿತುಕೊಳ್ಳಿ. ನಾನು ಎರಡನೆಯ ಸಲಕ್ಕೆ ಪಾಸಾದೆ.

ಈ ನಾಲ್ಕು ತಿಂಗಳಲ್ಲಿ ಯೂನಿಟ್ಟಿನಲ್ಲೇ ಮಾಡಿ ಮುಗಿಸಬೇಕಾದದ್ದು ಕಾಗದದ ಕೆಲಸ. ಹೆಂಡತಿ ಮಕ್ಕಳ ಹೆಸರು, ಹುಟ್ಟಿದ ದಿನ ಪಾರ್ಟ್ ಟು ಆರ್ಡರ್ ಎಂಬ ಸೇನಾ ದಾಖಲೆಯಲ್ಲೂ ಆಧಾರ್‌ನಲ್ಲೂ ಅಕ್ಷರ ಅಕ್ಷರ ಒಂದೇ ಇರಲಿ. ಮದುವೆಯ ನಂತರ ಹೆಸರು ಬದಲಾಗಿದ್ದರಂತೂ ಈಗಲೇ ಸರಿಪಡಿಸಿ. ನನ್ನ ಹೆಂಡತಿಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿದ್ದಕ್ಕೆ ಇಸಿಎಚ್‌ಎಸ್ ಆರೋಗ್ಯ ಕಾರ್ಡಿಗೆ ಏಳು ತಿಂಗಳು ಅಲೆದೆ, ಆ ಏಳು ತಿಂಗಳಲ್ಲೇ ಅವಳಿಗೆ ಆಪರೇಷನ್ ಆಗಿ ಕೈಯಿಂದ ಹಣ ಕಟ್ಟಿದೆ. ಬಿಡುಗಡೆಯ ವೈದ್ಯಕೀಯ ತಪಾಸಣೆಯಲ್ಲಿ ಕಿವಿ, ಮಂಡಿ, ಬಿಪಿ ಏನಿದ್ದರೂ ಹೇಳಿ ಬರೆಸಿ. ಗಟ್ಟಿಗ ಎನ್ನಿಸಿಕೊಳ್ಳಲು ಮುಚ್ಚಿಟ್ಟವರು ಆಮೇಲೆ ಅಂಗವೈಕಲ್ಯ ಪಿಂಚಣಿಗೆ ವರ್ಷಗಟ್ಟಲೆ ಓಡಾಡಿದ್ದನ್ನು ಕಂಡಿದ್ದೇನೆ. ಊರಿಗೆ ಬಂದ ಮೇಲೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಗುರುತಿನ ಚೀಟಿ ಪಡೆಯಿರಿ. ಪ್ರತಿ ವರ್ಷ ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿಯ ಜಾಲತಾಣದಲ್ಲಿ ಜೀವನ ಪ್ರಮಾಣಪತ್ರ ಕೊಡುವುದನ್ನು ಮರೆಯಬೇಡಿ, ತಪ್ಪಿದರೆ ಪಿಂಚಣಿ ನಿಲ್ಲುತ್ತದೆ.

ಪ್ರಶ್ನೆ ಕೇಳಿದ ನಾಯಕ್:

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಹೆಂಡತಿಗೆ ಫೋನಿನಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರೇ ಇದೆಯಂತೆ, ಕಳೆದ ವರ್ಷ ಬೆಳೆ ಪರಿಹಾರದ ಅರ್ಜಿಗೆ ಹೋದಾಗಲೇ ಅವಳು ನೋಡಿದ್ದಾಳೆ. ಅಷ್ಟು ದೂರದಲ್ಲಿರುವವರಿಗೆ ಯಾಕೆ ಚಿಂತೆ ಎಂದು ನನಗೆ ಹೇಳಿರಲಿಲ್ಲ. ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಏನೇನು ಬೇಕು ಎಂದು ಗ್ರಾಮ ಆಡಳಿತಾಧಿಕಾರಿಯನ್ನು ವಿಚಾರಿಸಿ ಚೀಟಿ ಬರೆದಿಟ್ಟುಕೊಂಡಿದ್ದಾಳೆ. ಅದರ ಫೋಟೋ ಈಗ ಕಳಿಸಿದಳು. ಗದಗದ ಮನೆ ಯಾಕೆ ಎಂದೂ ಕೇಳಿದೆ. ಮಗಳು ಹೈಸ್ಕೂಲಿಗೆ ಹೋಗುವ ಬಸ್ ಸಂಜೆ ಹೊತ್ತು ಮೀರಿ ಬರುತ್ತದೆ, ಸ್ಟಾಪಿನಿಂದ ಊರಿಗೆ ಎರಡು ಕಿಲೋಮೀಟರ್ ಒಬ್ಬಳೇ ನಡೆಯಬೇಕು ಎಂದಳು. ಬೋರ್‌ವೆಲ್ ಮಾತು ಸದ್ಯಕ್ಕೆ ಬೇಡ ಎಂದು ಅಣ್ಣನಿಗೆ ತಿಳಿಸಿದ್ದೇನೆ. ಬಂದ ಮೇಲೆ ಸಂಜೆ ಬಸ್ ಸ್ಟಾಪಿಗೆ ನಾನೇ ಹೋಗುತ್ತೇನೆ.